ಬೆಳಗಿನ ಮೊದಲ ಸೊನ್ನೆ

ಕಿಟಕಿಯ ಗಾಜಿನೆದುರು ನಿಂತು ಉಸಿರು ಪರೀಕ್ಷಿಸುವ ಯಂತ್ರದ ನಳಿಕೆಯನ್ನು ತುಟಿಗಿಟ್ಟುಕೊಂಡಾಗ ಅವನಿಗೆ ಮೊದಲು ಕಂಡದ್ದು ತನ್ನ ಕೆನ್ನೆ. ಊದುವಾಗ ಉಬ್ಬುವ ಆ ಎರಡು ಕೆನ್ನೆಗಳನ್ನು ಹನ್ನೊಂದು ವರ್ಷದಿಂದ ಬೆಳಿಗ್ಗೆ ಐದು ಗಂಟೆಗೆ ಇದೇ ಗಾಜಿನಲ್ಲಿ ನೋಡುತ್ತ ಬಂದಿದ್ದಾನೆ. ಇವತ್ತು ಮಾತ್ರ ಅವು ಬೇರೆ ಯಾರದೋ ಅನ್ನಿಸಿದವು. ಯಂತ್ರದ ಹಸಿರು ದೀಪ ಇರುವುದು ಅದನ್ನು ಹಿಡಿದವನ ಕಡೆಗೆ, ಊದುವವನ ಕಡೆಗಲ್ಲ. ಒಬ್ಬನೇ ಇರುವವನು ತಾನೇ ಹಿಡಿದು ತಾನೇ ಊದಬೇಕಾದರೆ ಏನು ಮಾಡಬೇಕು ಅನ್ನುವ ಯೋಚನೆ ಇದನ್ನು ತಯಾರಿಸಿದ ಪುಣ್ಯಾತ್ಮರಿಗೆ ಬಂದಿರಲಿಕ್ಕಿಲ್ಲ. ಅದಕ್ಕೇ ಅವನು ಗಾಜಿನೆದುರು ನಿಂತು ಊದುವುದು. ಗಾಜಿನಲ್ಲಿ ಹಸಿರು ಚುಕ್ಕೆ ಮೂಡಿತು. ನಿಲ್ಲಿಸಿದ. ಯಂತ್ರ ತಿರುಗಿಸಿ ನೋಡಿದರೆ ಒಂದು ಸೊನ್ನೆ, ಒಂದು ಚುಕ್ಕೆ, ಮತ್ತೆ ಮೂರು ಸೊನ್ನೆ. ಹೊಸ ರಿಜಿಸ್ಟರಿನಲ್ಲಿ ಗುರುವಾರದ ತಾರೀಖು ಹಾಕಿ ಮೊದಲನೆಯ ಸಾಲಿನಲ್ಲಿ ಅದನ್ನು ಇಳಿಸಿ ಸಹಿ ಮಾಡಿದ. ಹಳೆಯ ರಿಜಿಸ್ಟರನ್ನೂ ಹಳೆಯ ಯಂತ್ರವನ್ನೂ ಮಂಗಳವಾರವೇ ಟೇಪು ಸುತ್ತಿ ತೆಗೆದುಕೊಂಡು ಹೋಗಿದ್ದಾರೆ. ಇವತ್ತು ಹನ್ನೊಂದು ಗಂಟೆಗೆ ವಿಚಾರಣೆ. ಆ ರಿಜಿಸ್ಟರಿನಲ್ಲಿ ಮಂಗಳವಾರದ ಮೊದಲ ಸಾಲಿನಲ್ಲೂ ಇವೇ ನಾಲ್ಕು ಸೊನ್ನೆಗಳಿವೆ, ಇದೇ ಸಹಿ ಇದೆ. ಅವು ಊದದೆ ಬರೆದ ಸೊನ್ನೆಗಳು.

ವಿಮಾನ ಹತ್ತುವ ಮೊದಲು ಪೈಲಟ್ ಆದವರು ಈ ಕೋಣೆಗೆ ಬಂದು ಊದಲೇಬೇಕು. ಹಿಂದಿನ ಹನ್ನೆರಡು ಗಂಟೆಗಳಲ್ಲಿ ಒಂದು ಹನಿ ಹೆಂಡ ಮುಟ್ಟಿಲ್ಲ ಅಂತ ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಯಂತ್ರ ಹೇಳಬೇಕು. ಯಂತ್ರ ನಿಜ ಹೇಳುತ್ತಿದೆ ಅಂತ ಯಾರು ಹೇಳಬೇಕು? ಅದಕ್ಕೇ ಅವನು. ದಿನದ ಮೊದಲ ಉಸಿರು ಅವನದು. ಅವನು ಊದಿ ಸೊನ್ನೆ ಬಂದರೆ ಯಂತ್ರ ಶುದ್ಧ. ಆಮೇಲೆ ಯಾರ ಹೆಸರಿನ ಮುಂದೆ ಯಾವ ಅಂಕಿ ಬಂದರೂ ಅದು ನಿಜ, ಅದರ ಮೇಲೆ ಮಾತಿಲ್ಲ. ಎಲ್ಲ ನಿಮ್ಮ ಮೇಲೆ ನಿಂತಿದೆ ನೋಡಿ ಎಂದು ಈ ಕೋಣೆಯ ಉಸ್ತುವಾರಿಯ ಡಾಕ್ಟರು ಕೆಲಸಕ್ಕೆ ತೆಗೆದುಕೊಂಡ ದಿನವೇ ಹೇಳಿದ್ದರು. ಈ ಕುರ್ಚಿಯಲ್ಲಿ ಕೂತವನು ಕುಡಿದದ್ದು ಗೊತ್ತಾದರೆ ಆವತ್ತೇ ಮನೆಗೆ. ಸೊನ್ನೆ ತರುವುದೂ ಒಂದು ಕೆಲಸವೇನಯ್ಯ ಎಂದು ನಕ್ಕವರಿದ್ದಾರೆ. ಅಕ್ಕ ನಗಲಿಲ್ಲ. ಅವಳು ತನ್ನ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾಳೆ, ನನ್ನ ತಮ್ಮ ಹೂಂ ಅನ್ನದೆ ಒಂದೇ ಒಂದು ವಿಮಾನ ಮೇಲೇಳಲ್ಲ ಅಂತ. ಕೇಳಿದರೆ ನಾಚಿಕೆಯಾಗುತ್ತಿತ್ತು, ಆದರೆ ಬೇಡ ಅಂತ ಅವನು ಯಾವತ್ತೂ ಹೇಳಲಿಲ್ಲ. ಒಳಗೊಳಗೆ ಅವನಿಗೂ ಆ ಸೊನ್ನೆಯ ಮೇಲೆ ಪ್ರೀತಿ. ಮನೆಯಲ್ಲಿ ಹೇಗಿದ್ದೀಯ ಅಂತ ಕೇಳುವವರಿಲ್ಲ, ಹೀಗ್ಯಾಕೆ ಅಂತ ಬೈಯುವವರೂ ಇಲ್ಲ. ದಿನಕ್ಕೊಮ್ಮೆ ಒಂದು ಯಂತ್ರವಾದರೂ ನೀನು ಸರಿಯಾಗಿದ್ದೀಯ ಅನ್ನುತ್ತಿತ್ತಲ್ಲ.

ಪೈಲಟ್‌ಗಳು ಅವನನ್ನು ಸಾಕಣ್ಣ ಅನ್ನುತ್ತಾರೆ. ದೀಪ ಅವನ ಕಡೆಗಿರುವುದರಿಂದ ಎಲ್ಲಿ ನಿಲ್ಲಿಸಬೇಕು ಅನ್ನುವುದು ಊದುವವರಿಗೆ ತಿಳಿಯುವುದಿಲ್ಲ. ಊದಿ, ಊದಿ, ಇನ್ನೂ ಊದಿ, ಸಾಕು. ಇದನ್ನು ದಿನಕ್ಕೆ ಅರವತ್ತು ಎಪ್ಪತ್ತು ಸಲ ಹೇಳಿ ಹೇಳಿ, ಯಾರೋ ಒಬ್ಬ ತರಲೆ ಇಟ್ಟ ಹೆಸರು ನಿಂತೇಬಿಟ್ಟಿತು. ಹೆಸರಿಟ್ಟರೇ ಹೊರತು ಮುಖ ನೋಡುವಷ್ಟು ಪುರುಸೊತ್ತು ಅವರಿಗೆಲ್ಲಿ? ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕೈ ಪೆಟ್ಟಿಗೆಯ ಮೇಲೆ. ಮೂಲೆಯಲ್ಲಿ ನೇತುಹಾಕಿದ ಕ್ಯಾಮೆರಾ ಕೂಡ ಅವನನ್ನು ನೋಡುವುದಿಲ್ಲ. ಒಮ್ಮೆ ಸೆಕ್ಯೂರಿಟಿಯವರ ಕೋಣೆಗೆ ಯಾವುದೋ ಕಾಗದ ಕೊಡಲು ಹೋದಾಗ ಅಲ್ಲಿಯ ಪರದೆಯಲ್ಲಿ ತನ್ನ ಕೋಣೆಯನ್ನು ಕಂಡಿದ್ದ: ಊದುವವರ ಕುರ್ಚಿ, ಗೋಡೆಯ ಗಡಿಯಾರ, ಅರ್ಧ ಮೇಜು, ಅಂಚಿನಲ್ಲಿ ಮಧ್ಯಾಹ್ನದ ಪಾಳಿಯವನ ಎಡ ಮೊಣಕೈ. ಅಂದರೆ ಇಷ್ಟು ವರ್ಷ ತಾನು ಇಲ್ಲಿ ಒಂದು ಮೊಣಕೈಯಾಗಿ ಇದ್ದೆ ಅಂತಾಯಿತು. ಆಗ ನಗು ಬಂದಿತ್ತು. ಒಬ್ಬ ಸಹಪೈಲಟ್ ಹುಡುಗಿ ಮಾತ್ರ ಬೇರೆ. ಹುಡುಗಿ ಅನ್ನುವುದು ಅವನ ಲೆಕ್ಕದಲ್ಲಿ, ಮೂವತ್ತು ದಾಟಿದವಳು. ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು, ಕೂರುವ ಮುಂಚೆ ಮುಖ ನೋಡಿ, ಬೇರೆಯವರು ಕಾಫಿ ಆಯ್ತಾ ಅಂತ ಕೇಳುವ ಹಾಗೆ ಕೇಳುತ್ತಿದ್ದಳು, ಸಾಕಣ್ಣ, ನಿಮ್ದು ಊದಿ ಆಯ್ತಾ? ಆಯ್ತು ಮೇಡಂ, ನಿಮ್ದೇ ಬಾಕಿ ಅನ್ನುತ್ತಿದ್ದ. ನಾಲ್ಕು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ. ಅವಳಿಗೆ ಅದು ನೆನಪಿರುತ್ತಿತ್ತೋ ಇಲ್ಲವೋ, ಅವನು ಮಾತ್ರ ಅವಳ ಪಾಳಿ ಯಾವತ್ತು ಅಂತ ಪಟ್ಟಿಯಲ್ಲಿ ನೋಡಿಟ್ಟುಕೊಳ್ಳುತ್ತಿದ್ದ.

ಸೋಮವಾರ ಸಂಜೆ ಅವನ ಮನೆಯ ಮೇಲಿನ ಮಹಡಿಯಲ್ಲಿದ್ದ ಮಾಸ್ತರರು ಮನೆ ಖಾಲಿ ಮಾಡಿದರು. ಒಂಬತ್ತು ವರ್ಷ ಒಬ್ಬರ ತಲೆಯ ಮೇಲೆ ಒಬ್ಬರು ಬದುಕಿದ್ದರೂ ಅವರಿಬ್ಬರ ನಡುವೆ ಆಡಿದ ಮಾತುಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು, ಅದೂ ನೀರಿನ ಪಂಪಿನದು, ಮೆಟ್ಟಿಲ ದೀಪದ್ದು. ಆದರೆ ಸಂಜೆ ಏಳಕ್ಕೆ ಸರಿಯಾಗಿ ಮಾಸ್ತರರು ಮೇಲೆ ಈ ಗೋಡೆಯಿಂದ ಆ ಗೋಡೆಗೆ ಓಡಾಡಲು ಶುರುಮಾಡುತ್ತಿದ್ದರು. ರಬ್ಬರ್ ಚಪ್ಪಲಿಯ ಸದ್ದು, ಗೋಡೆಯ ಹತ್ತಿರ ಒಂದು ಗಳಿಗೆ ಮೌನ, ಮತ್ತೆ ಸದ್ದು. ಆ ಸದ್ದಿನ ಕೆಳಗೆ ಅವನು ತಟ್ಟೆ ಹಾಕಿಕೊಂಡು ಕೂರುತ್ತಿದ್ದ. ಆವತ್ತು ಸಾಮಾನಿನ ಗಾಡಿ ಹೊರಟ ಮೇಲೆ ಮಾಸ್ತರರು ಬಾಗಿಲು ತಟ್ಟಿ, ಹಳೇ ಪತ್ರಿಕೆ ಸುತ್ತಿದ ಒಂದು ಬಾಟಲಿ ಕೊಟ್ಟರು. ಅರ್ಧ ಇದೆ, ಮಗಳ ಮನೆಯಲ್ಲಿ ಇದಕ್ಕೆ ಜಾಗ ಇಲ್ಲ, ಚೆಲ್ಲೋಕೆ ಮನಸ್ಸು ಬರ್ತಿಲ್ಲ ಅಂದರು. ನನ್ನ ಕೆಲಸವೇ ಕುಡಿಯದಿರುವುದು ಅಂತ ಅವರಿಗೆ ಹೇಗೆ ಹೇಳುವುದು? ಒಂಬತ್ತು ವರ್ಷದಲ್ಲಿ ಅವರು ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ಏಳು ಹೊಡೆಯಿತು. ತಟ್ಟೆಯೆದುರು ಕೂತು ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು. ಕಾಯುತ್ತಿದ್ದೇನೆ ಅನ್ನುವುದು ತಿಳಿದಾಗ ತನ್ನ ಮೇಲೆ ತನಗೇ ಸಿಟ್ಟು ಬಂತು. ಏನು, ಹೋದವರು ನಿನಗೋಸ್ಕರ ನಡೆದು ತೋರಿಸೋಕೆ ವಾಪಸು ಬರುತ್ತಾರಾ? ಎದ್ದು ಸ್ಟೀಲಿನ ಲೋಟಕ್ಕೆ ಬಗ್ಗಿಸಿಕೊಂಡು ನೀರು ಬೆರೆಸಿ ಕುಡಿದ. ರುಚಿ ಹಿಡಿಸಲಿಲ್ಲ. ಇನ್ನೊಂದು ಲೋಟ ಕುಡಿದ. ಮತ್ತೇರುವುದಕ್ಕಲ್ಲ, ಕೋಣೆಯಲ್ಲಿ ಏನಾದರೂ ಒಂದು ನಡೆಯಬೇಕಾಗಿತ್ತು. ಎಂಟರೊಳಗೆ ಬಾಟಲಿ ಎತ್ತಿಟ್ಟು ಮಲಗಿದ.

ಎಂಟರಿಂದ ಐದಕ್ಕೆ ಒಂಬತ್ತು ಗಂಟೆ. ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಈ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ಒಂಬತ್ತೇ ಬಂತು, ಹನ್ನೆರಡಾಗಲಿಲ್ಲ. ಪಕ್ಕದಲ್ಲಿ ಕೂತವರು ಎದ್ದು ಮುಂದಿನ ಸೀಟಿಗೆ ಹೋದರು. ಕಿಟಕಿ ಬೇಕಾಗಿತ್ತೇನೋ, ಆದರೆ ಅವನು ತನ್ನ ಅಂಗಿ ಮೂಸಿಕೊಂಡ. ತನ್ನ ಮೈಯಿಂದಲೇ ಹೆಂಡದ ವಾಸನೆ ಬರುತ್ತಿದೆ ಅಂತ ತೀರ್ಮಾನವಾಗಿಹೋಯಿತು. ಸಿಬ್ಬಂದಿಯ ಬಾಗಿಲ ಬಳಿ, ಬರುವವರೆಲ್ಲ ಕೈಗೆ ಹಚ್ಚಿಕೊಳ್ಳಲಿ ಅಂತ ಇಟ್ಟ ಸ್ಯಾನಿಟೈಸರ್ ಬಾಟಲಿಯನ್ನು ಮೂರು ಸಲ ಒತ್ತಿದ, ಕೈಗೆ, ಕುತ್ತಿಗೆಗೆ, ಅಂಗಿಯ ಕಾಲರಿಗೆ ಸವರಿದ, ಕೊನೆಗೆ ಬಾಟಲಿಯನ್ನೇ ಕೋಣೆಗೆ ತಂದು ಮೇಜಿನ ಕೆಳಗಿಟ್ಟುಕೊಂಡ. ಅದರ ತುಂಬ ಸ್ಪಿರಿಟ್ಟು. ಎದುರು ಗೋಡೆಯ ಮೇಲೆ ಅವನದೇ ಕೈಬರಹದ ಕಾಗದ ಅಂಟಿಕೊಂಡಿತ್ತು: ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಯಂತ್ರವನ್ನಾಗಲಿ ನಳಿಕೆಯನ್ನಾಗಲಿ ಮುಟ್ಟಬಾರದು, ಸೋಪಿನಿಂದ ತೊಳೆಯಿರಿ. ಬಾಯಿಂದ ಬಂದದ್ದೋ ಕೈಯಿಂದ ಬಂದದ್ದೋ ಯಂತ್ರಕ್ಕೆ ಭೇದ ತಿಳಿಯುವುದಿಲ್ಲ ಅಂತ ಮಧ್ಯಾಹ್ನದ ಪಾಳಿಯವನಿಗೆ ಪಾಠ ಹೇಳಿಕೊಟ್ಟವನೂ ಅವನೇ. ಏಳು ವರ್ಷದಿಂದ ಆ ಕಾಗದ ಅಲ್ಲಿದೆ, ಈಗ ಅದು ಗೋಡೆಯ ಬಣ್ಣದೊಳಗೇ ಸೇರಿಹೋಗಿದೆ. ಗಾಜಿನೆದುರು ನಿಂತು ನಳಿಕೆಯನ್ನು ತುಟಿಯವರೆಗೆ ತಂದ. ಸೊನ್ನೆ ಬರದಿದ್ದರೆ? ನಿವೃತ್ತಿಗೆ ಇನ್ನೂ ಆರು ವರ್ಷ ಬಾಕಿ ಇತ್ತು, ಆದರೆ ಸತ್ಯವಾಗಿ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಹೆದರಿಕೆಯಾದದ್ದು ಕೆಲಸಕ್ಕಲ್ಲ. ಯಂತ್ರದಲ್ಲಿ ಸೊನ್ನೆಯಲ್ಲದ ಒಂದು ಅಂಕಿಯನ್ನು ತನ್ನದು ಅಂತ ನೋಡುವುದಕ್ಕೆ ಆಗುತ್ತಿರಲಿಲ್ಲ. ಹೊರಗೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿತು. ನಳಿಕೆಯನ್ನು ಕಸದ ಬುಟ್ಟಿಗೆ ಹಾಕಿ, ಕೂತು, ನಾಲ್ಕು ಸೊನ್ನೆ ಬರೆದು ಸಹಿ ಮಾಡಿದ.

ಆ ದಿನ ಮೊದಲು ಬಂದವಳು ಅವಳೇ. ಸಾಕಣ್ಣ, ನಿಮ್ದು ಊದಿ ಆಯ್ತಾ ಅಂದಳು. ಆಯ್ತು ಮೇಡಂ ಅಂದ, ಮುಖ ಆಚೆ ತಿರುಗಿಸಿ, ಬಾಯಿ ಆದಷ್ಟು ಸಣ್ಣದು ಮಾಡಿಕೊಂಡು. ನಿಮ್ದೇ ಬಾಕಿ ಅನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ. ಮೇಜಿನ ಕೆಳಗಿನ ಬಾಟಲಿಯನ್ನು ಇನ್ನೊಮ್ಮೆ ಒತ್ತಿ ಕೈ ಉಜ್ಜಿಕೊಂಡು, ಒದ್ದೆ ಬೆರಳಿನಲ್ಲೇ ಹೊಸ ನಳಿಕೆ ಸಿಕ್ಕಿಸಿ ಕೊಟ್ಟ. ಊದಿ, ಊದಿ, ಸಾಕು. ತಿರುಗಿಸಿದರೆ ಸೊನ್ನೆ ಸೊನ್ನೆ ಒಂದು ನಾಲ್ಕು. ಅವಳು ಮೊದಲು ನಕ್ಕಳು, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡಬೇಡಿ ಅಂದಳು. ಅವನ ಮುಖ ನೋಡಿ ನಗು ನಿಂತಿತು. ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಬೇಕು, ಅದು ನಿಯಮ. ಆ ಹದಿನೈದು ನಿಮಿಷ ಅವಳು ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡಿದಳು. ತಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವಳಲ್ಲ ಅಂತ ಅವನಿಗಲ್ಲ, ಗಡಿಯಾರಕ್ಕೆ ಹೇಳಿದಳು. ಅವನು ಮೇಜಿನ ಕೆಳಗೆ ಕೈ ಉಜ್ಜುತ್ತಿದ್ದ. ವಾಸನೆ ತನ್ನದು, ಕೋಣೆ ತುಂಬ ತನ್ನದೇ ವಾಸನೆ, ಈಗ ಡಾಕ್ಟರು ಬಂದರೆ ಮೊದಲು ಹಿಡಿಯುವುದು ತನ್ನನ್ನೇ. ಅದೊಂದೇ ಯೋಚನೆ. ಅಥವಾ ಇನ್ನೊಂದು ಯೋಚನೆಯೂ ಇತ್ತೇ? ಈ ಎರಡು ದಿನ ಅವನು ಇದನ್ನೇ ಕೆದಕಿದ್ದಾನೆ. ಆಗಲೇ ಗೊತ್ತಿತ್ತು ಅಂದರೆ ಸುಳ್ಳು. ಗೊತ್ತಿರಲಿಲ್ಲ ಅಂದರೆ ಇನ್ನೂ ದೊಡ್ಡ ಸುಳ್ಳು. ಎರಡನೆಯ ಸಲ ಸೊನ್ನೆ ಸೊನ್ನೆ ಒಂದು ಒಂದು. ಡಾಕ್ಟರಿಗೆ ಫೋನು ಮಾಡಿದ. ಅವಳು ರಕ್ತ ತೆಗೆದು ನೋಡಿ ಅಂತ ಬೇಡಿಕೊಂಡಳು, ನಿಯಮದಲ್ಲಿ ಅದಿಲ್ಲ ಅಂದರು. ತಾನೇ ಯಾವುದೋ ಆಸ್ಪತ್ರೆಗೆ ಹೋಗಿ ಮಾಡಿಸಿಕೊಂಡು ಬರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು, ಅಷ್ಟು ಹೊತ್ತಿಗೆ ಎಲ್ಲರ ರಕ್ತವೂ ಚೊಕ್ಕವಾಗಿರುತ್ತದೆ ಅಂತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳು ಹಾರದೆ ನೆಲದ ಮೇಲೆ, ಲೈಸೆನ್ಸಿನ ಮೇಲೆ ಜೀವಮಾನದ ಗುರುತು, ಮುಂದಿನ ತಿಂಗಳು ಕೈಗೆ ಬರಬೇಕಿದ್ದ ಕ್ಯಾಪ್ಟನ್ ಕುರ್ಚಿ ಇನ್ನು ಅವಳ ಪಾಲಿಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನವನಿಗೂ ಸುದ್ದಿ ಮುಟ್ಟಿತ್ತು, ಕುಡಿದು ಬಂದಿದ್ದಳಂತೆ.

ಈ ಗುರುವಾರ ಬೆಳಿಗ್ಗೆ ಯಾರೂ ಅವನ ಜೊತೆ ತಮಾಷೆ ಮಾಡಲಿಲ್ಲ. ಬಂದು ಕೂತು, ಊದಿ, ಅಂಕಿ ನೋಡಿದ ಮೇಲೆ ಭುಜ ಇಳಿಬಿಟ್ಟು ಎದ್ದು ಹೋದರು. ಮೊದಲು ಹೀಗಿರಲಿಲ್ಲ, ಮೊದಲು ಅವನು ಬಾಗಿಲ ಹತ್ತಿರದ ಒಂದು ವಸ್ತು, ಈಗ ಅವನೆಂದರೆ ಹೆದರಿಕೆ. ಮೀಸೆಯ ಕ್ಯಾಪ್ಟನ್ ಒಬ್ಬರು ಮಾತ್ರ ಹೊರಡುವಾಗ ಅವನ ಹೆಗಲ ಮೇಲೆ ಕೈಯಿಟ್ಟು, ಸರಿಯಾಗಿ ಮಾಡಿದ್ರಿ, ಗೊತ್ತಿರೋರು ಅಂತ ಬಿಡಬಾರದು ಅಂದರು. ಇಷ್ಟು ವರ್ಷದಲ್ಲಿ ಪೈಲಟ್ ಒಬ್ಬ ಅವನ ಮೈ ಮುಟ್ಟಿದ್ದು ಅದೇ ಮೊದಲು. ಅವರು ಹೋದ ಮೇಲೂ ಆ ಕೈ ಹೆಗಲ ಮೇಲೇ ಇದ್ದಂತೆ, ಕೊಡವಿದರೂ ಹೋಗದಂತೆ ಅನ್ನಿಸುತ್ತಿತ್ತು. ಒಂಬತ್ತಕ್ಕೆ ಅಕ್ಕನ ಫೋನು ಬಂತು. ಮಂಗಳವಾರ ಅವಳ ಹತ್ತಿರ ಬಾಯಿ ತಪ್ಪಿ ಒಂದು ಕೇಸು ಸಿಕ್ಕಿದೆ ಅಂದಿದ್ದ, ಈಗ ಬೀದಿಗೆಲ್ಲ ಹಬ್ಬಿ, ಕುಡಿದು ತೂರಾಡುತ್ತಿದ್ದವಳನ್ನು ತಮ್ಮ ಕೈಹಿಡಿದು ವಿಮಾನದಿಂದ ಇಳಿಸಿದ ಅನ್ನುವವರೆಗೆ ಬೆಳೆದಿತ್ತು. ಎಷ್ಟು ಜನರ ಜೀವ ಉಳಿಸಿದೆಯೋ, ನನಗೆ ಕೇಳಿ ಹೊಟ್ಟೆ ತುಂಬಿತು ಅಂದಳು. ಅಕ್ಕ, ಸೋಮವಾರ ಮೇಲಿನ ಮನೆಯವರು ಖಾಲಿ ಮಾಡಿದರು ಅಂತ ಶುರುಮಾಡಿದ. ಹೌದಾ, ಯಾರವರು ಅಂದಳು. ಯಾರೋ, ಬಿಡು ಅಂದ. ತಿಂದೆಯಾ ಅಂತ ಕೇಳಿದಳು, ತಿಂದೆ ಅಂದ. ತಿಂದಿರಲಿಲ್ಲ.

ಹತ್ತೂವರೆಗೆ ಕೋಣೆ ಖಾಲಿಯಾಯಿತು. ಬಾಗಿಲ ಚಿಲಕ ಹಾಕಿ, ಮೇಜಿನ ಕೆಳಗೆ ಇನ್ನೂ ಕೂತಿದ್ದ ಬಾಟಲಿಯನ್ನು ಒತ್ತಿ ಎರಡು ಕೈಗೂ ಸವರಿಕೊಂಡು ನಳಿಕೆ ಸಿಕ್ಕಿಸಿ, ಗಾಜಿನೆದುರು ನಿಂತು ಊದಿದ. ಸೊನ್ನೆ ಸೊನ್ನೆ ಒಂದು ಎರಡು. ಬಚ್ಚಲಿಗೆ ಹೋಗಿ ಸೋಪಿನಲ್ಲಿ ಕೈ ತೊಳೆದು, ಒರೆಸಿ, ಹತ್ತು ನಿಮಿಷ ಕಾದು, ಬೇರೆ ನಳಿಕೆ ಹಾಕಿ ಊದಿದ. ಸೊನ್ನೆ. ಊದಿ ನೋಡುವ ಅಗತ್ಯವೇನಿತ್ತು? ಗೋಡೆಯ ಮೇಲೆ ತನ್ನದೇ ಅಕ್ಷರದಲ್ಲಿ ಬರೆದಿತ್ತಲ್ಲ. ಕೈಗೆ ಹಚ್ಚಿಕೊಂಡಿದ್ದೆ ಅಂತಷ್ಟೇ ಹೇಳಿಬಿಟ್ಟರೆ? ಕೈ ಕೊಳೆಯಾಗಿತ್ತು ಸರ್, ಮರೆತು ಹಚ್ಚಿಕೊಂಡೆ ಅಂದರೆ? ಆಗ ಡಾಕ್ಟರು ಕೇಳುತ್ತಾರೆ, ಐದು ಗಂಟೆಗೆ ನೀವು ಅದೇ ಕೈಯಲ್ಲಿ ನಳಿಕೆ ಹಾಕಿ ಊದಿದಾಗ ಸೊನ್ನೆ ಹೇಗೆ ಬಂತು? ಊದಿದ ಮೇಲೆ ಹಚ್ಚಿಕೊಂಡೆ ಅನ್ನೋಣವೆಂದರೆ, ಐದಕ್ಕೆ ಮೊದಲೇ ಬಾಗಿಲಲ್ಲಿ ಹಚ್ಚಿಕೊಂಡದ್ದನ್ನು ಸೆಕ್ಯೂರಿಟಿಯವರು ಕಂಡಿದ್ದಾರೆ. ಮೊದಲ ಸೊನ್ನೆ ನಿಜವಾದರೆ ಮುಂದಿನದೆಲ್ಲ ನಿಜ. ಅವಳನ್ನು ಎತ್ತಬೇಕಾದರೆ ಮೊದಲು ಆ ಸೊನ್ನೆಯನ್ನು ಕೆಡವಬೇಕು, ಅದನ್ನು ಕೆಡವಿದರೆ ಯಾಕೆ ಊದಲಿಲ್ಲ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅರ್ಧ ನಿಜಕ್ಕೆ ಇಲ್ಲಿ ಜಾಗ ಇರಲಿಲ್ಲ. ಅಂಗಿಯ ಗುಂಡಿ ಸರಿಮಾಡಿಕೊಂಡು ಮೆಟ್ಟಿಲು ಹತ್ತುವಾಗಲೂ ಏನು ಹೇಳುತ್ತೇನೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಒಂದು ಟೀವಿ ಪರದೆ, ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ನು. ಡಾಕ್ಟರು ಒಂದು ಕಡೆ, ಅವರ ಪಕ್ಕದಲ್ಲಿ ಸುರಕ್ಷತಾ ವಿಭಾಗದ ಅಧಿಕಾರಿ. ಅಧಿಕಾರಿಗೆ ಜೋರು ನೆಗಡಿ, ಮಾತಿಗೊಮ್ಮೆ ಕರವಸ್ತ್ರ ಹುಡುಕುತ್ತಿದ್ದರು. ಡಾಕ್ಟರ ಇನ್ನೊಂದು ಪಕ್ಕದಲ್ಲಿ ಅವಳು. ಯೂನಿಫಾರಂ ಇರಲಿಲ್ಲ, ಸಾದಾ ಬಟ್ಟೆಯಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವ ಯಾರೋ ಹೆಂಗಸಿನ ಹಾಗೆ ಕಂಡಳು, ಒಂದು ಕ್ಷಣ ಅವನಿಗೆ ಗುರುತೇ ಹತ್ತಲಿಲ್ಲ. ಎದುರಿನ ಒಂಟಿ ಕುರ್ಚಿ ಅವನದು. ಅವನು ಯಾವಾಗಲೂ ಕೂರುವ ಕಡೆಯದಲ್ಲ, ಊದುವವರು ಕೂರುವ ಕಡೆಯದು. ಅಧಿಕಾರಿ ರಿಜಿಸ್ಟರನ್ನು ಅವನತ್ತ ತಿರುಗಿಸಿ, ಇದು ನಿಮ್ಮ ಸಹಿನಾ ಅಂತ ಕೇಳಿದರು. ಹೌದು ಸರ್ ಅಂದ. ಸುಳ್ಳಲ್ಲ, ಸಹಿ ಅವನದೇ. ಊದಿದ್ರಾ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂತ ಮನಸ್ಸು ಆಗಲೇ ಜಾರಿಕೊಳ್ಳುವ ದಾರಿ ಹುಡುಕುತ್ತಿತ್ತು. ಆಮೇಲೆ ಪರದೆಯ ಮೇಲೆ ಮಂಗಳವಾರ ಬೆಳಿಗ್ಗೆ ಬಂತು, ಸದ್ದಿಲ್ಲದೆ. ಖಾಲಿ ಕುರ್ಚಿ. ಗಡಿಯಾರ. ಅಂಚಿನಲ್ಲಿ ಅವನ ಎಡ ಮೊಣಕೈ. ಅವಳು ಬಂದಳು, ನಿಂತಳು, ತುಟಿ ಅಲುಗಿತು. ಆ ಅಲುಗಾಟ ಅವನಿಗೆ ಬಾಯಿಪಾಠ. ಕೂತಳು, ಊದಿದಳು, ನಕ್ಕಳು, ನಗು ನಿಂತಿತು. ಮೊಣಕೈ ಅಲ್ಲಾಡತೊಡಗಿತು. ಹಿಂದೆ, ಮುಂದೆ, ಹಿಂದೆ, ಮುಂದೆ. ನಿಂತಿತು. ಮತ್ತೆ ಹಿಂದೆ, ಮುಂದೆ. ಹದಿನೈದು ನಿಮಿಷದ ದೃಶ್ಯವನ್ನು ಅಧಿಕಾರಿ ಓಡಿಸಿ ತೋರಿಸಿದರು, ಆಗ ಅದು ಹುಚ್ಚು ಹಿಡಿದಂತೆ ಉಜ್ಜುತ್ತಿತ್ತು. ಇದು ಯಾರಿಗೂ ಕಾಣುವುದಿಲ್ಲವೇ? ಡಾಕ್ಟರು ಅವಳ ಮುಖ ನೋಡುತ್ತಿದ್ದರು, ಅಧಿಕಾರಿ ಅವಳ ಮುಖ ನೋಡುತ್ತಿದ್ದರು, ಅವಳು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಯಾರೂ ನೋಡದ ಮೊಣಕೈ ಇವತ್ತೂ ಯಾರ ಕಣ್ಣಿಗೂ ಬೀಳಲಿಲ್ಲ. ಬಚಾವಾದೆ ಅನ್ನುವುದು ಮೊದಲು ಮೈಗೆ ತಿಳಿಯಿತು, ಬೆನ್ನು ಕುರ್ಚಿಗೆ ಒರಗಿತು. ಹಾಗೆ ಒರಗಿದ್ದಕ್ಕೆ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಏನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ಅವಳನ್ನು ಕೇಳಿದರು. ಅವಳು ತಲೆಯೆತ್ತಲಿಲ್ಲ.

"ಕುಡಿದಿಲ್ಲ ಅಂತ ಎಷ್ಟು ಸಲ ಹೇಳೋದು ಸರ್. ಹೇಳಿ ಹೇಳಿ ನನಗೇ ಅದು ಸುಳ್ಳಿನ ಥರ ಕೇಳಿಸ್ತಿದೆ. ಬರ್ಕೊಳ್ಳಿ." ಕೈಯಿಂದ ಅವನತ್ತ ತೋರಿಸಿ ಅಂದಳು, "ಇವರದ್ದೇನೂ ತಪ್ಪಿಲ್ಲ, ಅದನ್ನೂ ಬರ್ಕೊಳ್ಳಿ. ದಿನಾ ಇವರು ಮೊದಲು ಊದಿ ಆಮೇಲೇ ನಮಗೆ ಕೊಡೋದು. ನಾನು ದಿನಾ ಕೇಳ್ತೀನಿ."

ಅಧಿಕಾರಿ ಬರೆದುಕೊಳ್ಳತೊಡಗಿದರು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಅಂದರೆ ಅವಳಿಗೆ ನೆನಪಿತ್ತು. ನಾಲ್ಕು ವರ್ಷ ಕೇಳಿದ್ದು ಬಾಯಿಚಾಳಿಗಲ್ಲ, ಉತ್ತರವನ್ನು ನಂಬಿ ಕೇಳುತ್ತಿದ್ದಳು. ಅವಳು ಬೈದಿದ್ದರೆ, ಈ ಮನುಷ್ಯನ ಮೇಲೆ ನನಗೆ ಅನುಮಾನ ಅಂದಿದ್ದರೆ, ಬಹುಶಃ ಅವನು ಹಲ್ಲು ಕಚ್ಚಿಕೊಂಡು ಕೂತೇ ಇರುತ್ತಿದ್ದ.

"ಸರ್, ಅದನ್ನ ಇನ್ನೊಂದ್ಸಲ ಹಾಕಿ," ಅಂದ. ದನಿ ತನ್ನದಲ್ಲವೆಂಬಂತೆ ಜೋರಾಗಿ ಬಂತು. "ಅವರ ಮುಖ ನೋಡಬೇಡಿ. ನನ್ನ ಮೊಣಕೈ ನೋಡಿ."

ಹಾಕಿದರು. ಮೂವರೂ ನೋಡಿದರು. ಆ ಹಿಂದೆ ಮುಂದೆ ಏನು ಅಂತ ಅಧಿಕಾರಿಗೆ ತಿಳಿಯಲಿಲ್ಲ, ಡಾಕ್ಟರಿಗೆ ತಿಳಿಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನು ಎಲ್ಲ ಹೇಳಿದ. ಸೋಮವಾರ ಸಂಜೆ ಕುಡಿದದ್ದು, ಮೇಜಿನ ಕೆಳಗಿನ ಸ್ಯಾನಿಟೈಸರ್, ಒದ್ದೆ ಬೆರಳು, ಇವತ್ತು ಬೆಳಿಗ್ಗೆ ತಾನೇ ಊದಿ ನೋಡಿದ್ದು, ಊದದೆ ಬರೆದ ನಾಲ್ಕು ಸೊನ್ನೆ. ಮೇಲಿನ ಮನೆಯ ಮಾಸ್ತರರು ಹೋದದ್ದನ್ನೂ ಹೇಳಹೊರಟ, ಅದು ಇಲ್ಲಿಗೆ ಸಂಬಂಧವಿಲ್ಲದ ಮಾತು ಅನ್ನಿಸಿ, ಮನೆಯಲ್ಲಿ ಒಬ್ಬನೇ ಇದ್ದೆ ಸರ್ ಅಂತ ಮುಗಿಸಿದ. ಅಧಿಕಾರಿ ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡರು. ಅವಳು ಆಗಷ್ಟೇ ಅವನನ್ನು ನೇರವಾಗಿ ನೋಡಿದಳು.

"ನಾನು ಕೇಳಿದ್ದೆ ಅಲ್ವಾ ಅವತ್ತು?"

"ಕೇಳಿದ್ರಿ ಮೇಡಂ."

ಡಾಕ್ಟರು ಎಷ್ಟು ಕುಡಿದದ್ದು ಅಂತ ಕೇಳಿದರು, ಎರಡು ಲೋಟ ಅಂದ, ಲೋಟ ಎಷ್ಟು ದೊಡ್ಡದು ಅಂತ ಕೈಯಲ್ಲಿ ತೋರಿಸಿದ. ಎಷ್ಟು ಹೊತ್ತಿಗೆ? ಎಂಟರೊಳಗೆ ಸರ್. ಡಾಕ್ಟರು ಬೆರಳು ಮಡಿಸುತ್ತ ಲೆಕ್ಕ ಹಾಕಿದರು, ಇನ್ನೊಮ್ಮೆ ಹಾಕಿದರು. ಅವರಿಗೆ ಹೇಳಲು ಮನಸ್ಸಿಲ್ಲದಂತೆ ಕಂಡಿತು.

"ಇಷ್ಟೇನಾ? ಬೆಳಿಗ್ಗೆ ಐದಕ್ಕೆ ನೀವು ಕೈ ತೊಳ್ಕೊಂಡು ಊದಿದ್ದಿದ್ರೆ ಸೊನ್ನೆನೇ ಬರ್ತಿತ್ತಲ್ರೀ."

ಅಷ್ಟು ಹೊತ್ತೂ ತಡೆದುಕೊಂಡಿದ್ದ ಅವನಿಗೆ ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಇಲ್ಲದ ವಾಸನೆ. ಇಲ್ಲದ ಅಂಕಿ. ಊದಿದ್ದರೆ ಗಾಜಿನಲ್ಲಿ ಹಸಿರು ಚುಕ್ಕೆ ಮೂಡಿ, ಅದೇ ನಾಲ್ಕು ಸೊನ್ನೆ ಬಂದು, ಆಯ್ತು ಮೇಡಂ, ನಿಮ್ದೇ ಬಾಕಿ ಅಂತ ಹೇಳಬಹುದಿತ್ತು. ಮೇಜಿನ ಅಂಚನ್ನು ಹಿಡಿದುಕೊಂಡು ಕೂತ.

ಇನ್ನೊಂದು ಶಾಸ್ತ್ರ ಬಾಕಿ ಇದೆ ಅಂದರು ಅಧಿಕಾರಿ. ಕೈ ಚೊಕ್ಕವಾಗಿದ್ದರೆ ಈ ಯಂತ್ರ ಸರಿಯಾಗಿ ಹೇಳುತ್ತದೆ ಅಂತ ದಾಖಲೆಗೆ ಬೇಕು. ಊದಬೇಕಾದವರು ಅವತ್ತು ಊದದೆ ಇದ್ದವರೇ. ಮಂಗಳವಾರದ ಆ ಹಳೆಯ ಯಂತ್ರದ ಟೇಪು ಬಿಚ್ಚಿದರು. ಡಾಕ್ಟರು ಎದ್ದು ಮೂಲೆಯ ಬೇಸಿನ್ನಿನಲ್ಲಿ ಸೋಪು ಹಚ್ಚಿ ಕೈ ತೊಳೆದು ಬಂದು ತಾವೇ ನಳಿಕೆ ಸಿಕ್ಕಿಸಿ ಯಂತ್ರವನ್ನು ಅವನ ಬಾಯಿಗೆ ಹಿಡಿದರು. ಊದಿ ಅಂದರು. ಊದಿದ. ದೀಪ ಅವರ ಕಡೆಗಿತ್ತು. ಕಿಟಕಿಗೆ ಪರದೆ ಎಳೆದಿದ್ದರು, ಎಲ್ಲೂ ಗಾಜಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಊದುವವರಿಗೆ ತಾವು ಹೇಳಬೇಕು ಅನ್ನುವುದು ಡಾಕ್ಟರಿಗೆ ಗೊತ್ತಿರಲಿಲ್ಲ; ಅದನ್ನು ಹೇಳುತ್ತಿದ್ದವನು ಅವನೊಬ್ಬನೇ. ಅವರು ಅಧಿಕಾರಿ ಬರೆಯುವುದನ್ನು ನೋಡುತ್ತಿದ್ದರು. ಅವನು ಊದಿದ, ಊದಿದ. ಎದೆ ಬಿಗಿಯಿತು, ಕಣ್ಣಲ್ಲಿ ನೀರು ಬಂತು. ನಿಲ್ಲಿಸಬಹುದಿತ್ತು, ಇಷ್ಟು ಸಾಕು ಅಂತ ಯಂತ್ರಕ್ಕೆ ಎಂದೋ ಆಗಿರುತ್ತದೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅದನ್ನು ಹೇಳುವವನು ತಾನಲ್ಲ ಅನ್ನಿಸಿ, ಇದ್ದ ಉಸಿರನ್ನೆಲ್ಲ ಒತ್ತಿ ಊದುತ್ತಲೇ ಇದ್ದ.

"ಸಾಕು," ಅಂದಳು ಅವಳು.

ಡಾಕ್ಟರ ಪಕ್ಕದಲ್ಲಿದ್ದ ಅವಳಿಗೆ ದೀಪ ಕಾಣುತ್ತಿತ್ತು. ದೀಪ ನೋಡಿಯೇ ಹೇಳಿದ್ದಳು, ಅವನನ್ನು ನೋಡಿ ಅಲ್ಲ. ಅಣ್ಣ ಅನ್ನಲಿಲ್ಲ. ಅವನು ಬಾಯಿ ತೆಗೆದು ಉಸಿರು ಎಳೆದುಕೊಂಡ. ಡಾಕ್ಟರು ಯಂತ್ರ ತಿರುಗಿಸಿ, ಸೊನ್ನೆ ಅಂತ ಓದಿದರು, ರಿಜಿಸ್ಟರಿನಲ್ಲಿ ಬರೆದರು. ಅಭ್ಯಾಸಬಲದಿಂದ ಅವನು ಪೆನ್ನಿಗೆ ಕೈಚಾಚಿದ. ಡಾಕ್ಟರು ಒಂದು ಕ್ಷಣ ಆ ಕೈಯನ್ನು ನೋಡಿ, ತಾವೇ ಸಹಿ ಮಾಡಿ ರಿಜಿಸ್ಟರು ಮುಚ್ಚಿದರು.